ಅಟ್ಟದಿಂದ ಇಳಿದ ವಾಲ್ವ್ ರೇಡಿಯೋ

ಹೊನ್ನಾವರ ತಾಲೂಕಿನ ಒಂದು ಮನೆಯ ಅಟ್ಟದಲ್ಲಿ ಅಡಿಕೆ ಚೀಲಗಳ ಹಿಂದೆ ಒಂದು ಹಳೇ ರೇಡಿಯೋ ಸಿಕ್ಕಿತು. ಮರದ ಪೆಟ್ಟಿಗೆ, ಎದುರಿಗೆ ಮಾಸಿದ ಬಟ್ಟೆ, ಎರಡು ದೊಡ್ಡ ಗುಂಡಿ. ಒಳಗೆ ಜೇಡರ ಬಲೆ, ಇಲಿ ಕಡಿದ ವಯರು, ಐದು ಗಾಜಿನ ಬುಡ್ಡಿ. ನಾವು ಬುದ್ಧಿಗೇಡಿತನದಿಂದ ನೇರವಾಗಿ ಪ್ಲಗ್ ಹಾಕಿದೆವು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಗುಂಯ್ ಎಂದು ಸದ್ದು ಬಂತು, ಅದರ ಹಿಂದೆಯೇ ಮೇಣ ಸುಟ್ಟ ವಾಸನೆ, ಹೊಗೆ.

ಆ ಹೊಗೆಯಿಂದಲೇ ನಮ್ಮ ಪಾಠ ಶುರುವಾಯಿತು. ನಮ್ಮ ಕರಾವಳಿಗೆ ದೊಡ್ಡ ದನಿ ಹೇಗೆ ಬಂತು ಎಂದು ಬರೆಯಬೇಕೆಂದು ಹೊರಟವರು ನಾವು. ವಾಲ್ವ್ ಹೇಗೆ ಕೆಲಸ ಮಾಡುತ್ತದೆ ಎಂದೇ ಗೊತ್ತಿಲ್ಲದೆ ಆ ಚರಿತ್ರೆ ಬರೆಯುವುದು ಹೇಗೆ?

ಸುಲಭದಲ್ಲಿ ಹೇಳುತ್ತೇವೆ. ಗಾಜಿನ ಬುಡ್ಡಿಯೊಳಗಿನ ಗಾಳಿ ತೆಗೆದಿರುತ್ತಾರೆ. ನಡುವೆ ಒಂದು ಸಣ್ಣ ನಳಿಕೆ, ಅದರ ಹೆಸರು ಕ್ಯಾಥೋಡ್. ಅದನ್ನು ಕೆಂಪಗೆ ಕಾಯಿಸಿದರೆ ಇಲೆಕ್ಟ್ರಾನುಗಳು ಕುದಿವ ನೀರಿನ ಹಬೆಯಂತೆ ಹೊರಡುತ್ತವೆ. ಸುತ್ತಲಿನ ತಗಡಿಗೆ, ಅಂದರೆ ಆನೋಡಿಗೆ, 250 ವೋಲ್ಟ್ ಕೊಟ್ಟರೆ ಅವೆಲ್ಲ ಅತ್ತ ಓಡುತ್ತವೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮಾಡಿದ್ದು ಇಷ್ಟೇ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ಒಂದು ತಂತಿಯ ಜಾಲರಿ ಇಟ್ಟ. ಗಜನಿ ಗದ್ದೆಯ ಜಂತ್ರಡಿ ಬಾಗಿಲು ನೋಡಿದ್ದೀರಲ್ಲ? ಒಬ್ಬ ಮನುಷ್ಯ ಹಲಗೆಯನ್ನು ಒಂದು ಗೇಣು ಎತ್ತಿದರೆ ಇಡೀ ಹೊಳೆಯ ನೀರು ನುಗ್ಗುತ್ತದೆ. ಜಾಲರಿಯೂ ಹಾಗೇ. ಅದರ ಮೇಲಿನ ಚೂರು ವೋಲ್ಟೇಜು ದೊಡ್ಡ ಪ್ರವಾಹವನ್ನು ಹಿಡಿದು ಬಿಡುತ್ತದೆ. ಮೈಕಿನಿಂದ ಬಂದ ಬಡಕಲು ದನಿ ಹಾಗೆ ದಪ್ಪವಾಗುತ್ತದೆ.

ನಮ್ಮೂರುಗಳಿಗೆ ಇದು ಬಂದದ್ದು ಮೊದಲು ರೇಡಿಯೋ ರೂಪದಲ್ಲಿ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಆದರೆ ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಮೈಸೂರು ದೂರದ ಮಾತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಘಟ್ಟದ ಮೇಲಿನ ಕನ್ನಡ ಘಟ್ಟದ ಕೆಳಗೂ ಇಳಿಯಿತು. ರಾತ್ರಿ ಶಾರ್ಟ್‌ವೇವಿನಲ್ಲಿ ರೇಡಿಯೋ ಸಿಲೋನು. ಎರಡು ತೆಂಗಿನ ಮರಗಳ ನಡುವೆ ಏರಿಯಲ್ ತಂತಿ ಕಟ್ಟಿದ ಮನೆ ಎಂದರೆ ರೇಡಿಯೋ ಇರುವ ಮನೆ.

ಹಳ್ಳಿಗಳಲ್ಲಿ ಕರೆಂಟು ಎಲ್ಲಿತ್ತು? ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಲ್ಲೇ ಶುರುವಾದರೂ ಅದೇ ಶರಾವತಿಯ ಕೆಳಗಿನ ದಂಡೆಯ ಎಷ್ಟೋ ಊರುಗಳು ಬಹಳ ವರ್ಷ ಚಿಮಣಿ ದೀಪದಲ್ಲೇ ಇದ್ದವು. ನಮ್ಮ ಹೊಳೆ, ಬೇರೆಯವರ ದೀಪ. ಈ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ, ನಮಗೂ ಸರಿಯೆನಿಸುತ್ತದೆ. ಅಂಥ ಊರುಗಳಿಗೆ ಬೇರೆಯೇ ಜಾತಿಯ ವಾಲ್ವ್ ಇತ್ತು. ಡಿಕೆ96, ಡಿಎಲ್96 ಎಂಬ ಹೆಸರಿನವು. ಕಾಯಲು ಸುಮಾರು ಒಂದೂವರೆ ವೋಲ್ಟ್ ಸಾಕು, ತಗಡಿಗೆ 90 ವೋಲ್ಟಿನ ಇಟ್ಟಿಗೆಯಂಥ ಬ್ಯಾಟರಿ. ಬ್ಯಾಟರಿ ಮುಗಿಯುತ್ತದೆಂದು ವಾರ್ತೆ ಕೇಳಿ ತಕ್ಷಣ ಬಂದ್ ಮಾಡುತ್ತಿದ್ದರಂತೆ. ಮೇಲಿಂದ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಅಟ್ಟದ ರೇಡಿಯೋ ಜೊತೆ ಆ ಪುಸ್ತಕವೂ ಸಿಕ್ಕಿತು, ಗೆದ್ದಲು ತಿಂದು ಅರ್ಧ ಉಳಿದಿದೆ.

ಆದರೆ ನಮಗೆ ಹೆಚ್ಚು ಕುತೂಹಲ ಇದ್ದದ್ದು ಯಕ್ಷಗಾನದ ಮೈಕಿನ ಬಗ್ಗೆ.

ಗುಣವಂತೆಯ ಕೆರೆಮನೆ ಮೇಳವನ್ನು ಶಿವರಾಮ ಹೆಗಡೆಯವರು ಕಟ್ಟಿದ್ದು 1934ರಲ್ಲಿ. ಆ ಕಾಲದ ಬಯಲಾಟಕ್ಕೆ ಮೈಕ್ ಇಲ್ಲ. ಗದ್ದೆಯ ಕೊನೆಯಲ್ಲಿ ಕಂಬಳಿ ಹೊದ್ದು ಕೂತವನಿಗೂ ಪದ ಕೇಳಬೇಕಾದರೆ ಭಾಗವತರು ಏರುಶ್ರುತಿಯಲ್ಲಿ ಹಾಡಬೇಕು, ಅದೂ ಬೆಳಗಿನ ತನಕ. ವೇಷಧಾರಿಗೆ ಎದೆಯಿಂದ ಮಾತು ಬರಬೇಕು. ಕಂಠ ಇಲ್ಲದವನಿಗೆ ಪಾತ್ರವೇ ಇಲ್ಲ.

ಮೈಕ್ ಬಂದ ಮೇಲೆ ಮೆಲುದನಿಯ ಕರುಣರಸದ ಪದವೂ ಟೆಂಟಿನ ಕೊನೆಯ ಬೆಂಚಿಗೆ ಮುಟ್ಟಿತು. ಶ್ರುತಿ ಇಳಿಯಿತು, ರಾಗದ ವಿಸ್ತಾರ ಹೆಚ್ಚಿತು. ಅದೇ ಹೊತ್ತಿಗೆ ವೇಷಗಳು ಮೈಕಿನ ಕೆಳಗೆ ಬಂದು ನಿಂತು ಮಾತಾಡುವ ರೂಢಿಯೂ ಬಂತು. ರಂಗಸ್ಥಳ ಅಷ್ಟು ಕಿರಿದಾಯಿತು ಎಂದು ಬೇಸರಿಸುವವರಿದ್ದಾರೆ. ಯಾವುದು ಲಾಭ ಯಾವುದು ನಷ್ಟ ಎಂದು ನಮ್ಮೊಳಗೇ ಜಗಳವಿದೆ. ಹಳೇ ಕಂಠವನ್ನು ಕೇಳದ ನಾವು ತೀರ್ಪು ಕೊಡುವುದು ಸರಿಯಲ್ಲ.

ಆಗಿನ ಆಂಪ್ಲಿಫೈಯರುಗಳೂ ವಾಲ್ವಿನವೇ. 1940ರಲ್ಲಿ ಶುರುವಾದ ಅಹೂಜಾ ಕಂಪನಿಯ ಹೆಸರು ಮೈಕ್ ಸೆಟ್ಟಿಗೇ ಅಂಟಿಕೊಂಡಿತು. ಕರೆಂಟಿಲ್ಲದ ಗದ್ದೆಯಲ್ಲಿ ಲಾರಿಯ ಬ್ಯಾಟರಿ ಇಟ್ಟು, ವೈಬ್ರೇಟರ್ ಎಂಬ ಝೇಂಕರಿಸುವ ಡಬ್ಬಿಯಿಂದ ವೋಲ್ಟೇಜು ಏರಿಸುವ ಉಪಾಯವಿತ್ತು. ಸೇತುವೆ ಇಲ್ಲದ ಕಡೆ ಇದೆಲ್ಲ ದೋಣಿ ಮೇಲೆ ಹೊಳೆ ದಾಟಬೇಕು. ಭಾರ ಏಕೆಂದರೆ ಒಳಗಿನ ಟ್ರಾನ್ಸ್‌ಫಾರ್ಮರು.

ಅದು ಯಾಕೆ ಬೇಕು ಎಂಬಲ್ಲಿ ನಾವು ಒಂದು ವಾರ ಸಿಕ್ಕಿಬಿದ್ದೆವು. ನಮ್ಮ ರೇಡಿಯೋದ ಕೊನೆಯ ವಾಲ್ವ್ ಇಎಲ್84. ಅದು 250 ವೋಲ್ಟಿನಲ್ಲಿ 48 ಮಿಲಿಆಂಪಿಯರ್ ಹರಿಸುತ್ತದೆ, ಅಂದರೆ 12 ವಾಟ್ ತಿನ್ನುತ್ತದೆ. ಕೊಡುವ ಶಬ್ದಶಕ್ತಿ ಹೆಚ್ಚೆಂದರೆ ಐದಾರು ವಾಟ್, ಉಳಿದದ್ದು ಬರೀ ಬಿಸಿ. ಅದಕ್ಕೆ ಎದುರಿಗೆ ಬೇಕಾದ ತಡೆ ಸುಮಾರು 5200 ಓಮ್, ಸ್ಪೀಕರಿನದ್ದು 8 ಓಮ್. ಭಾಗಿಸಿದರೆ 650, ಅದರ ವರ್ಗಮೂಲ ಇಪ್ಪತ್ತೈದೂವರೆ. ಟ್ರಾನ್ಸ್‌ಫಾರ್ಮರಿನ ಒಂದು ಕಡೆ ಒಂದು ಸುತ್ತಿದ್ದರೆ ಇನ್ನೊಂದು ಕಡೆ ಇಪ್ಪತ್ತೈದೂವರೆ ಸುತ್ತು ಬೇಕು. ಸೈಕಲ್ಲಿನ ದೊಡ್ಡ ಚಕ್ರ, ಸಣ್ಣ ಚಕ್ರದ ಲೆಕ್ಕವೇ. ಮರಕ್ಕೆ ಕಟ್ಟುವ ಕಹಳೆ ಸ್ಪೀಕರು ಸಾಧಾರಣ ಕಾಗದದ ಸ್ಪೀಕರಿಗಿಂತ ಹತ್ತಾರು ಪಟ್ಟು ಚೆನ್ನಾಗಿ ಶಕ್ತಿಯನ್ನು ಸದ್ದಾಗಿಸುತ್ತದೆ, ಹಾಗಾಗಿ ಕೆಲವೇ ವಾಟಿನಲ್ಲಿ ಊರು ಕೇಳುತ್ತಿತ್ತು.

ಈ ಬುಡ್ಡಿಗಳು ನಮ್ಮ ರಾಜ್ಯದಲ್ಲೇ ತಯಾರಾಗುತ್ತಿದ್ದವು ಎಂಬುದು ನಮಗೆ ಗೊತ್ತಿರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರು ಮಾಡಿತು. ನಮ್ಮ ಇಎಲ್84ರ ಗಾಜನ್ನು ಒರೆಸಿ ನೋಡಿದರೆ ಅದೇ ಗುರುತು. ವಿಚಿತ್ರವೆಂದರೆ ಮರುವರ್ಷ, 1962ರಲ್ಲಿ, ಅದೇ ಕಾರ್ಖಾನೆ ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆಗೂ ಇಳಿಯಿತು. ವಾಲ್ವನ್ನು ಮೂಲೆಗೆ ತಳ್ಳುವ ವಸ್ತು ವಾಲ್ವಿನ ಪಕ್ಕದಲ್ಲೇ ಹುಟ್ಟಿತು. ಟ್ರಾನ್ಸಿಸ್ಟರಿಗೆ ಕಾಯುವ ಗೊಡವೆಯಿಲ್ಲ, ಟಾರ್ಚಿನ ಸೆಲ್ಲು ಸಾಕು. ಮುಂದೆ ಭಟ್ಕಳದ ಕಡೆಯಿಂದ ಗಲ್ಫಿಗೆ ಹೋದವರು ರಜೆಗೆ ಬರುವಾಗ ಟೇಪ್ ರೆಕಾರ್ಡರ್ ತಂದರು. ಮರದ ಪೆಟ್ಟಿಗೆ ಅಟ್ಟ ಹತ್ತಿತು.

ನಮ್ಮ ರೇಡಿಯೋ ಸುಟ್ಟದ್ದೇಕೆ? ಕುಮಟೆಯ ಒಬ್ಬ ಹಿರಿಯ ರಿಪೇರಿಯವರ ಬಳಿ ಒಯ್ದೆವು. ಅವರು ಬಿಚ್ಚುವ ಮೊದಲೇ ಹೇಳಿದರು, ಕಪಲಿಂಗ್ ಕೆಪಾಸಿಟರ್ ಎಂದು. ಒಂದು ವಾಲ್ವಿನ ದನಿಯನ್ನು ಮುಂದಿನ ವಾಲ್ವಿನ ಜಾಲರಿಗೆ ದಾಟಿಸಿ, ಅದರ ದೊಡ್ಡ ವೋಲ್ಟೇಜನ್ನು ಮಾತ್ರ ತಡೆಯುವ ಕೆಲಸ ಅದರದ್ದು. ಮೇಣ ಹಚ್ಚಿದ ಕಾಗದದಿಂದ ಮಾಡಿದ್ದು. ನಮ್ಮ ಕಡಲ ಬದಿಯ ಮಳೆಗಾಲದ ತೇವ ಒಳಹೊಕ್ಕು ಕಾಗದ ಸೋರತೊಡಗುತ್ತದೆ. ಕ್ಯಾಥೋಡಿಗಿಂತ ಏಳು ವೋಲ್ಟ್ ಕೆಳಗಿರಬೇಕಾದ ಜಾಲರಿ ಮೇಲೇರುತ್ತದೆ, ಜಂತ್ರಡಿ ಪೂರ್ತಿ ತೆರೆದಂತಾಗಿ ತಗಡು ಕೆಂಡವಾಗುತ್ತದೆ. ಬಯಲುಸೀಮೆಗಿಂತ ನಮ್ಮಲ್ಲಿ ಇದು ಬೇಗ ಎಂದರು. ಹೊಸ ಕೆಪಾಸಿಟರಿನ ಬೆಲೆ ಒಂದು ಚಹಾದಷ್ಟು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದಿದ್ದರೆ ನಮ್ಮಂತೆ ಪ್ಲಗ್ ಹಾಕಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟ್ ಉಳಿದಿರಬಹುದು, ಅದು ಜೀವ ತೆಗೆಯುವಷ್ಟು. ಕೆಲವು ಸೆಟ್ಟುಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲ, ಕಬ್ಬಿಣದ ತಟ್ಟೆಗೆ ನೇರ ಮೇನ್ಸ್ ಸೇರಿರುತ್ತದೆ. ತಿಳಿದವರು ಮೊದಲು ಸಾಲಿನಲ್ಲಿ ಹಳೇ ತಂತಿಬಲ್ಬು ಸೇರಿಸಿ ನೋಡುತ್ತಾರೆ. ಬಲ್ಬು ಜೋರಾಗಿ ಉರಿದರೆ ಒಳಗೆ ಎಲ್ಲೋ ಶಾರ್ಟ್.

ತಿಳಿದವರು ಎಂದೆವು. ಅಂಥವರು ಎಷ್ಟು ಜನ ಉಳಿದಿದ್ದಾರೆ? ಮೂರು ತಾಲೂಕು ತಿರುಗಿದ ನಮಗೆ ವಾಲ್ವ್ ರಿಪೇರಿ ಮಾಡಿದ ಇಬ್ಬರು ಸಿಕ್ಕರು. ಇಬ್ಬರ ಮಕ್ಕಳೂ ಬೇರೆ ಕೆಲಸದಲ್ಲಿದ್ದಾರೆ. ಒಬ್ಬರು ತಮ್ಮ ಹಳೇ ಮೈಕ್ ಆಂಪ್ಲಿಫೈಯರನ್ನು ತಾಮ್ರದ ಆಸೆಗೆ ಬಂದ ಗುಜರಿಯವನಿಗೆ ತೂಕಕ್ಕೆ ಕೊಟ್ಟಾಗಿತ್ತು. ಇನ್ನೊಬ್ಬರು ನಮಗೆ ಭಾನುವಾರ ಬೆಳಿಗ್ಗೆ ಪಾಠ ಹೇಳಲು ಒಪ್ಪಿದ್ದಾರೆ. ಕೈಬರಹದ ಸರ್ಕ್ಯೂಟ್ ಪುಸ್ತಕವೊಂದು ಅವರಲ್ಲಿದೆ, ಅದರ ಪುಟಗಳನ್ನು ಫೋನಿನಲ್ಲಿ ತೆಗೆಯುತ್ತಿದ್ದೇವೆ. ಮೊನ್ನೆ ಭಾನುವಾರ ಹನ್ನೊಂದನೇ ಪುಟಕ್ಕೆ ಬಂದಿದ್ದೆವು, ಅಷ್ಟರಲ್ಲಿ ಕರೆಂಟು ಹೋಯಿತು.