ಅಂಗನವಾಡಿ ಹುಟ್ಟಿದ ಜಿಲ್ಲೆ

‘ಅಂಗನವಾಡಿ’ ಎಂಬ ಮಾತನ್ನು ಊರಿನಿಂದ ಬರುವಾಗ ನಾವೇ ಕಟ್ಟಿಕೊಂಡು ಬಂದೆವೆಂದು ನಮ್ಮಲ್ಲಿ ಹಲವರ ಎಣಿಕೆ. ನಮ್ಮ ಅಂಗಳಕ್ಕೂ ಮರಾಠಿಯ ಅಂಗಣಕ್ಕೂ ಅಷ್ಟು ಹತ್ತಿರದ ನಂಟು. ಆದರೆ ಆ ಹೆಸರೂ ಪದ್ಧತಿಯೂ ರೂಪುಗೊಂಡದ್ದು ಅಂದಿನ ಠಾಣೆ ಜಿಲ್ಲೆಯಲ್ಲಿ, ಡಹಾಣು ಕಡೆಯ ಬೋರ್ಡಿ ಮತ್ತು ಕೋಸಬಾಡದಲ್ಲಿ.

1945ರಲ್ಲಿ ತಾರಾಬಾಯಿ ಮೋಡಕ್ ಬೋರ್ಡಿಗೆ ಬಂದರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಶಿಶುಶಿಕ್ಷಣದಲ್ಲಿ ಪಳಗಿದವರು. ಸಂಗಡ ಅನುತಾಯಿ ವಾಘ್. ಹದಿಮೂರನೆಯ ವಯಸ್ಸಿಗೆ ಮದುವೆ, ಕೆಲವೇ ತಿಂಗಳಲ್ಲಿ ವೈಧವ್ಯ, ಆಮೇಲೆ ಓದಿ ಶಿಕ್ಷಕಿಯಾದವರು. ಅದೇ ವರ್ಷ ಗೋದಾವರಿ ಪರುಳೇಕರ್ ಅವರ ಮುಂದಾಳುತನದಲ್ಲಿ ವಾರ್ಲಿಗಳು ಬಿಟ್ಟಿ ಚಾಕರಿಯ ವಿರುದ್ಧ ಎದ್ದು ನಿಂತಿದ್ದರು. ಅಂಥ ಸೀಮೆಯಲ್ಲಿ ಬಾಲವಾಡಿ ತೆರೆದು ಕೂತರೆ ಬಡವರ ಮಕ್ಕಳು ಬಂದಾರೆಯೇ? ಬಾಲವಾಡಿಯೇ ಅವರ ಅಂಗಳಕ್ಕೆ ಹೋಯಿತು. ಅಕ್ಷರಕ್ಕಿಂತ ಮೊದಲು ಸ್ನಾನ, ತಲೆ ಬಾಚುವುದು, ಉಗುರು ಕತ್ತರಿಸುವುದು. ದನ ಕಾಯುವ ಮಕ್ಕಳಿಗಾಗಿ ಕೋಸಬಾಡದ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು.

ತಾರಾಬಾಯಿ 1973ರಲ್ಲಿ ತೀರಿಕೊಂಡರು. ಎರಡು ವರ್ಷದ ಬಳಿಕ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ‘ಅಂಗನವಾಡಿ’ ಕನ್ನಡಕ್ಕೆ ಸೇರಿಹೋದದ್ದು ಹೀಗೆ.

ಇನ್ನು ಕಹಿ ಸಂಗತಿ. ಅನುತಾಯಿ ಕಣ್ಮುಚ್ಚಿದ್ದು 1992ರ ಸೆಪ್ಟೆಂಬರಿನಲ್ಲಿ. 1992-93ರಲ್ಲೇ ಅದೇ ಜಿಲ್ಲೆಯ ವಾವರ-ವಾಂಗಣಿಯಲ್ಲಿ ನೂರಕ್ಕೂ ಮಿಕ್ಕ ಮಕ್ಕಳು ಸತ್ತ ಸುದ್ದಿ ಹೊರಬಿತ್ತು. (ಕರ್ಜತ್ ಲೋಕಲ್ ಹತ್ತುವವರಿಗೆ ವಾಂಗಣಿ ಎಂದರೆ ಬದಲಾಪುರದ ಮುಂದಿನ ಸ್ಟೇಷನ್. ಇದು ಅದಲ್ಲ, ಜವ್ಹಾರ ತಾಲೂಕಿನ ಗುಡ್ಡಗಾಡು.) ಹಸಿವು ನೇರವಾಗಿ ಕೊಲ್ಲುವುದು ಕಡಿಮೆ. ಸೊರಗಿದ ಮಗುವನ್ನು ವಾಂತಿ-ಭೇದಿ, ದಡಾರ ಅಥವಾ ನ್ಯುಮೋನಿಯಾ ಕೊಂಡೊಯ್ಯುತ್ತದೆ. ಮಗು ಬಾಡುತ್ತಿದೆಯೆಂದು ಮೊದಲೇ ಗುರುತಿಸಿ ಆಸ್ಪತ್ರೆಗೆ ಕಳಿಸುವವರು ಬೇಕು. ಆ ಕೆಲಸ ದಾದಿಯದು.

ದಾದಿಯರ ಕೊರತೆಯಂತೂ ಹಳೆಯದು. 1946ರ ಭೋರ್ ಸಮಿತಿಯ ಲೆಕ್ಕದಲ್ಲಿ ಆಗ 43,000 ಜನರಿಗೆ ಒಬ್ಬ ನರ್ಸ್. ಈಗ ನಿಯಮ ಉದಾರವಾಗಿದೆ: ಬಯಲಿನಲ್ಲಿ 5,000 ಜನಕ್ಕೆ, ಗುಡ್ಡಗಾಡು ಮತ್ತು ಆದಿವಾಸಿ ಸೀಮೆಯಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ, ಅದಕ್ಕೊಬ್ಬ ದಾದಿ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಆ ಮೂರು ಸಾವಿರ ಮಂದಿ ಒಂದೇ ಊರಿನಲ್ಲಿಲ್ಲ, ಹಳ್ಳ-ದಿಣ್ಣೆ ದಾಟಿ ಹೋಗಬೇಕಾದ ಹಲವು ಪಾಡಾಗಳಲ್ಲಿ ಚದುರಿದ್ದಾರೆ. ಬಸುರಿಯರ ತಪಾಸಣೆ, ಹೆರಿಗೆ, ಲಸಿಕೆ, ಸಾಲದ್ದಕ್ಕೆ ರಿಜಿಸ್ಟರು, ಎಲ್ಲ ಅವಳ ತಲೆಗೇ. ಪಕ್ಕದ ಹುದ್ದೆ ಖಾಲಿ ಬಿದ್ದರೆ ಅದರ ಪಾಡಾಗಳೂ ಅವಳ ಪಾಲಿಗೆ. ಇಂಥ ಕಡೆ ಯಾರೂ ನಿಲ್ಲುವುದಿಲ್ಲ ಎಂದು ದೂರುವುದು ಸುಲಭ. ಮನೆ, ರಸ್ತೆ, ಕಾಯಂ ನೌಕರಿ ಕೊಟ್ಟು ನೋಡಿ ಆಮೇಲೆ ದೂರಬಹುದಿತ್ತು.

ಸರ್ಕಾರ ಸುಮ್ಮನೆ ಕೂತಿರಲಿಲ್ಲ. 1995ರಲ್ಲಿ ನವಸಂಜೀವನಿ ಯೋಜನೆ ಬಂತು; ಮಳೆಗಾಲದಲ್ಲಿ ಸಂಚಾರಿ ವೈದ್ಯಕೀಯ ತಂಡಗಳು ಹೊರಟವು. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾಗಿ, ಜವ್ಹಾರ, ಮೋಖಾಡಾ, ಡಹಾಣು ಅತ್ತ ಹೋದವು. 2015ರಲ್ಲಿ ಬಸುರಿ-ಬಾಣಂತಿಯರಿಗೆ ಒಂದು ಹೊತ್ತಿನ ಬಿಸಿಯೂಟ ಕೊಡುವ ಅಮೃತ ಆಹಾರ ಯೋಜನೆ ಬಂತು. ಆದರೂ 2016ರಲ್ಲಿ ಪಾಲ್ಘರಿನ ಮಕ್ಕಳ ಸಾವಿನ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ ರಾಜ್ಯಕ್ಕೆ ನೋಟಿಸು ಕಳಿಸಬೇಕಾಯಿತು.

ಜಿಲ್ಲೆ ಎರಡಾದ ಮಾತ್ರಕ್ಕೆ ಅವರು ನಮಗೆ ದೂರದವರೇನೂ ಆಗಲಿಲ್ಲ. ದೀಪಾವಳಿ ಕಳೆದ ಮೇಲೆ ಆ ಕುಟುಂಬಗಳು ಭಿವಂಡಿ, ಕಲ್ಯಾಣದ ಸುತ್ತಿನ ಇಟ್ಟಿಗೆ ಭಟ್ಟಿಗಳಿಗೆ ಬರುತ್ತವೆ. ಮಗುವಿನ ಹೆಸರು ಮೋಖಾಡಾದ ಅಂಗನವಾಡಿಯಲ್ಲಿ, ಮಗು ಭಟ್ಟಿಯ ಬದಿಯ ಜೋಪಡಿಯಲ್ಲಿ. ಹೀಗೆ ವಲಸೆ ಹೋದ ಮಕ್ಕಳ ಜಾಡು ಹಿಡಿಯುವ ಪ್ರಯೋಗವನ್ನು ರಾಜ್ಯ ಸರ್ಕಾರ 2021-22ರಲ್ಲಿ ಪಾಲ್ಘರ್ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಆರಂಭಿಸಿತು. ಮಗು ಎಲ್ಲಿದೆ ಎಂದು ತಿಳಿದ ಮೇಲೂ, ತಕ್ಕಡಿ ಹಿಡಿದು ಆ ಭಟ್ಟಿಗೆ ಹೋಗಲು ಒಬ್ಬ ದಾದಿ ಬೇಕಲ್ಲ.