ವ್ಯವಹಾರ ಸಭೆಗಳ ನಡಾವಳಿ: ಒಂದು ಚಾರಿತ್ರಿಕ ವಿವೇಚನೆ

ಹತ್ತು ಮಂದಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂದು ನಮ್ಮ ಜನರು ಬಹುಕಾಲದಿಂದ ಹೇಳುತ್ತ ಬಂದಿರುವರು. ಆದರೆ ಆ ಹತ್ತು ಮಂದಿಯೂ ಒಂದೇ ದಿಕ್ಕಿಗೆ ಹೆಜ್ಜೆಯಿಡದಿದ್ದರೆ ಹುಲ್ಲುಕಡ್ಡಿಯೂ ನೆಲಕ್ಕೆ ಬೀಳುವುದು. ಹಲವರ ಹಣವು ಒಂದು ಪೆಟ್ಟಿಗೆಯಲ್ಲಿ ಸೇರಿದ ದಿವಸವೇ, ಅದನ್ನು ಹೇಗೆ ವೆಚ್ಚಮಾಡತಕ್ಕದ್ದು, ಯಾರು ಲೆಕ್ಕವೊಪ್ಪಿಸತಕ್ಕದ್ದು, ಭಿನ್ನಾಭಿಪ್ರಾಯ ಬಂದಲ್ಲಿ ಯಾರ ಮಾತು ನಿಲ್ಲತಕ್ಕದ್ದು ಎಂಬ ಪ್ರಶ್ನೆಗಳು ಹುಟ್ಟುವುವು. ಈ ಪ್ರಶ್ನೆಗಳಿಗೆ ಮನುಷ್ಯನು ಕಂಡುಕೊಂಡ ಉತ್ತರವೇ ಸಭೆ. ಸಭೆಯು ಕೇವಲ ಜನಸಂದಣಿಯಲ್ಲ, ನಿಯಮಕ್ಕೊಳಪಟ್ಟ ಸಮಾಲೋಚನೆ. ಈ ನಿಯಮಗಳು ಎಲ್ಲಿ, ಯಾವ ಕಾರಣದಿಂದ ಬೆಳೆದು ಬಂದುವೆಂಬುದನ್ನು ಸಂಕ್ಷೇಪವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶವು.

ನಮ್ಮ ದೇಶದಲ್ಲಿ ಸಭಾನಿಯಮಗಳನ್ನು ವಿವರವಾಗಿ ತಿಳಿಸುವ ಪ್ರಾಚೀನ ದಾಖಲೆಗಳಲ್ಲಿ ಉತ್ತರಮೇರೂರಿನ ಶಾಸನಗಳು ಅಗ್ರಗಣ್ಯವಾದವು. ತಮಿಳುನಾಡಿನ ಕಾಂಚೀಪುರ ಪ್ರಾಂತದಲ್ಲಿರುವ ಈ ಊರಿನ ವೈಕುಂಠ ಪೆರುಮಾಳ್ ದೇವಾಲಯದ ಗೋಡೆಯ ಮೇಲೆ, ಒಂದನೆಯ ಪರಾಂತಕ ಚೋಳನ ಕಾಲದಲ್ಲಿ, ಕ್ರಿ.ಶ. 919ರಲ್ಲಿಯೂ 921ರಲ್ಲಿಯೂ ಮಹಾಸಭೆಯ ನಿರ್ಣಯಗಳನ್ನು ಕೆತ್ತಿಸಲಾಯಿತು. ಊರು ಮೂವತ್ತು ಕೇರಿಗಳಾಗಿ ವಿಭಾಗವಾಗಿದ್ದಿತು. ಪ್ರತಿಯೊಂದು ಕೇರಿಯ ಯೋಗ್ಯರ ಹೆಸರುಗಳನ್ನು ಓಲೆಗಳ ಮೇಲೆ ಬರೆದು, ಕಟ್ಟುಕಟ್ಟಿ, ಕೊಡದಲ್ಲಿ ಹಾಕುತ್ತಿದ್ದರು. ಒಳಗೇನಿದೆಯೆಂದರಿಯದ ಬಾಲಕನೊಬ್ಬನು ಒಂದೊಂದು ಓಲೆಯನ್ನು ತೆಗೆದುಕೊಡುವನು. ಮಧ್ಯಸ್ಥನು ಐದು ಬೆರಳುಗಳನ್ನೂ ಅಗಲವಾಗಿ ಬಿಚ್ಚಿದ ಅಂಗೈಯಲ್ಲಿ ಅದನ್ನು ಪಡೆದು, ಎಲ್ಲರಿಗೂ ಕೇಳುವಂತೆ ಓದುವನು. ಹೀಗೆ ದೊರೆತ ಮೂವತ್ತು ಮಂದಿಯಲ್ಲಿ ಹನ್ನೆರಡು ಜನರು ಸಂವತ್ಸರ ವಾರಿಯಕ್ಕೆ, ಹನ್ನೆರಡು ಜನರು ತೋಟದ ವಾರಿಯಕ್ಕೆ, ಆರು ಜನರು ಕೆರೆಯ ವಾರಿಯಕ್ಕೆ ನೇಮಕವಾಗುತ್ತಿದ್ದರು. ಮುನ್ನೂರ ಅರವತ್ತು ದಿವಸಗಳಾದ ಕೂಡಲೇ ಅವರ ಅಧಿಕಾರವು ಮುಗಿಯುತ್ತಿದ್ದಿತು.

ಇಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಗಮನಾರ್ಹವು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕವನ್ನು ಒಪ್ಪಿಸದವನು ಮತ್ತೆ ಆಯ್ಕೆಗೆ ಅನರ್ಹನು. ಅವನ ಸಮೀಪದ ಬಂಧುಗಳಿಗೂ ಅದೇ ಗತಿ. ಎರಡನೆಯದಾಗಿ, 919ರಲ್ಲಿ ಮಾಡಿದ ನಿಯಮಗಳು ಸಾಲದೆ ಬಂದುದರಿಂದ ಎರಡೇ ವರ್ಷಗಳೊಳಗೆ ಅವುಗಳನ್ನು ತಿದ್ದಿದರು. ಮೂವತ್ತರಿಂದ ಅರವತ್ತು ಎಂದಿದ್ದ ವಯೋಮಿತಿಯು ಮೂವತ್ತೈದರಿಂದ ಎಪ್ಪತ್ತಕ್ಕೆ ಬದಲಾಯಿತು. ತನ್ನ ನಡಾವಳಿಯ ದೋಷವನ್ನು ತಾನೇ ಕಂಡು ತಿದ್ದಿಕೊಳ್ಳುವುದು ಜೀವಂತವಾದ ಸಭೆಯ ಲಕ್ಷಣವು. ಆದರೂ ಈ ವ್ಯವಸ್ಥೆಯನ್ನು ಅತಿಯಾಗಿ ಹೊಗಳುವುದು ಇತಿಹಾಸಕ್ಕೆ ನ್ಯಾಯವಾಗದು. ತೆರಿಗೆ ಕೊಡುವ ಭೂಮಿಯೂ ವೇದವಿದ್ಯೆಯೂ ಉಳ್ಳವರಿಗೆ ಮಾತ್ರ ಅಲ್ಲಿ ಅಧಿಕಾರವು ದೊರೆಯುತ್ತಿದ್ದಿತು. ಆ ಕೆರೆಯ ನೀರಿನಿಂದ ಗದ್ದೆಯಲ್ಲಿ ದುಡಿಯುತ್ತಿದ್ದ ಬಹುಜನರ ಹೆಸರು ಆ ಕೊಡದೊಳಗೆ ಬೀಳಲೇ ಇಲ್ಲ.

ಕನ್ನಡ ನಾಡಿನಲ್ಲಿ ವ್ಯಾಪಾರಸ್ಥರ ಸಂಘಗಳೂ ಸಭೆಗೂಡಿ ನಿರ್ಣಯ ಮಾಡುತ್ತಿದ್ದುದಕ್ಕೆ ಶಾಸನಾಧಾರಗಳುಂಟು. ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಳ್ಳುತ್ತಿದ್ದ ಅಯ್ಯಾವೊಳೆಯ ಐನೂರ್ವರು ಸಂತೆಪೇಟೆಗಳಲ್ಲಿ ಕೂಡಿ, ಇಂಥ ಸರಕಿನ ಹೇರಿಗೆ ಇಷ್ಟು ಎಂದು ಧರ್ಮಕಾರ್ಯಗಳಿಗೆ ತಮ್ಮ ಮೇಲೆ ತಾವೇ ಆಯವನ್ನು ವಿಧಿಸಿಕೊಂಡುದನ್ನು ಅನೇಕ ಶಿಲಾಲೇಖಗಳು ತಿಳಿಸುವುವು. ಅವರ ಬಳಗದ ಹೆಸರು ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಕಾಣುವುದು. ಸಮುದ್ರದಾಚೆಗೆ ಹೋದ ವರ್ತಕನು ಸಂಘದ ಕಟ್ಟಳೆಯನ್ನು ಮೀರದೆ ನಡೆಯಬೇಕಾದರೆ, ಆ ಕಟ್ಟಳೆಯು ತನ್ನವರು ಕೂಡಿ ಒಪ್ಪಿದುದೆಂಬ ನಂಬಿಕೆ ಅವನಿಗಿರಬೇಕು. ರಾಜದಂಡವು ಮುಟ್ಟಲಾರದ ಕಡೆಯಲ್ಲಿ ಸಭೆಯ ಮಾತೇ ದಂಡವಾಗಿ ನಿಲ್ಲುವುದು.

ಆಧುನಿಕ ಕಾಲದಲ್ಲಿ ವ್ಯವಹಾರ ಸಭೆಗೆ ಹೊಸ ರೂಪವನ್ನು ಕೊಟ್ಟವರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಬಡ ಕೆಲಸಗಾರರನ್ನು ಮೊದಲು ಸ್ಮರಿಸಬೇಕು. ನೇಕಾರರೇ ಮುಂತಾದ ಇಪ್ಪತ್ತೆಂಟು ಮಂದಿಯು, ತಲೆಗೊಂದು ಪೌಂಡಿನಂತೆ ಬಂಡವಾಳ ಕೂಡಿಸಿ, 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಸಣ್ಣ ಅಂಗಡಿಯೊಂದನ್ನು ತೆರೆದರು. ರೊಕ್ಕದ ವ್ಯಾಪಾರ, ಕೊಂಡ ಸಾಮಾನಿನ ಪ್ರಮಾಣಕ್ಕೆ ತಕ್ಕಂತೆ ಲಾಭದ ಹಂಚಿಕೆ, ನಿಯತಕಾಲದಲ್ಲಿ ಸದಸ್ಯರ ಮುಂದೆ ಲೆಕ್ಕದ ನಿವೇದನೆ, ಬಂಡವಾಳವೆಷ್ಟಿದ್ದರೂ ಒಬ್ಬನಿಗೆ ಒಂದೇ ಮತ ಎಂಬುವು ಅವರ ಪದ್ಧತಿಯ ಆಧಾರಸ್ತಂಭಗಳಾದುವು. ಹಣವುಳ್ಳವನ ಧ್ವನಿಯು ಹಣವಿಲ್ಲದವನ ಧ್ವನಿಗಿಂತ ದೊಡ್ಡದಾಗಬಾರದೆಂಬ ಈ ತತ್ತ್ವವು ವ್ಯಾಪಾರದ ಸಭೆಯಲ್ಲಿ ಒಂದು ಕ್ರಾಂತಿಯೆಂದೇ ಹೇಳಬೇಕು.

ಸಭೆಯಲ್ಲಿ ಮಾತು ಹೇಗೆ ನಡೆಯಬೇಕೆಂಬುದಕ್ಕೆ ಕ್ರಮವನ್ನು ಬರೆದಿಟ್ಟವನು ಅಮೆರಿಕೆಯ ಹೆನ್ರಿ ಮಾರ್ಟಿನ್ ರಾಬರ್ಟ್. ಸೈನ್ಯದ ಇಂಜಿನಿಯರನಾಗಿದ್ದ ಇವನಿಗೆ 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನಲ್ಲಿ ಒಂದು ಸಭೆಯ ಅಧ್ಯಕ್ಷತೆಯು ಬಂದಿತು. ಸಭೆಯು ಗದ್ದಲದಲ್ಲಿ ಮುಳುಗಿತು. ಅದನ್ನು ಹಿಡಿದು ನಡೆಸುವ ಬಗೆ ಅವನಿಗೆ ತಿಳಿಯಲಿಲ್ಲ. ಆ ಲಜ್ಜೆಯಿಂದ ಅವನು ಸಭಾಶಾಸ್ತ್ರವನ್ನು ವ್ಯಾಸಂಗಮಾಡಿ, 1876ರಲ್ಲಿ ತನ್ನ ಸ್ವಂತ ವೆಚ್ಚದಿಂದ ನಾಲ್ಕು ಸಾವಿರ ಪ್ರತಿಗಳ ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದನು. ಒಮ್ಮೆಗೆ ಒಂದೇ ವಿಷಯ. ಒಬ್ಬನು ಸೂಚಿಸಿ ಇನ್ನೊಬ್ಬನು ಅನುಮೋದಿಸಿದ ಮೇಲೆಯೇ ಚರ್ಚೆ. ಅಲ್ಪಸಂಖ್ಯಾತರಿಗೆ ಮಾತನಾಡುವ ಹಕ್ಕು, ಬಹುಸಂಖ್ಯಾತರಿಗೆ ತೀರ್ಮಾನಿಸುವ ಹಕ್ಕು. ನಡಾವಳಿಯ ಪುಸ್ತಕದಲ್ಲಿ ಆಡಿದ ಮಾತಿಗಿಂತ ಮಾಡಿದ ಕಾರ್ಯದ ದಾಖಲೆ ಎಂಬಿವು ಅವನ ಕ್ರಮದ ಸಾರವು.

ನಮ್ಮ ನಾಡಿನ ರೈತನ ಮನೆಬಾಗಿಲಿಗೆ ಈ ಸಭಾಪದ್ಧತಿಯು ಬಂದುದು ಸಹಕಾರ ಚಳವಳಿಯ ಮೂಲಕ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಜಾರಿಗೆ ಬಂದ ಮರುವರ್ಷವೇ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಿಂದ ಕೃಷಿ ಪತ್ತಿನ ಸಹಕಾರಿ ಸಂಘವು ಸ್ಥಾಪಿತವಾಯಿತು. ಭಾರತದಲ್ಲಿ ಈ ಬಗೆಯ ಮೊದಮೊದಲಿನ ಸಂಘಗಳಲ್ಲೊಂದೆಂಬ ಕೀರ್ತಿಯು ಆ ಹಳ್ಳಿಗೆ ಸಲ್ಲುವುದು. ಅಂದಿನ ಗ್ರಾಮ ಸಂಘಗಳಲ್ಲಿ ಅಪರಿಮಿತ ಹೊಣೆಗಾರಿಕೆಯೇ ಸಾಮಾನ್ಯ ನಿಯಮವಾಗಿದ್ದಿತು. ಅದರ ಅರ್ಥವನ್ನು ವಾಚಕರು ಚೆನ್ನಾಗಿ ಮನಗಾಣಬೇಕು. ನೆರೆಯವನು ತೆಗೆದ ಸಾಲವು ತೀರದೆ ಸಂಘವು ಮುಳುಗಿದರೆ, ಉಳಿದ ಸದಸ್ಯರ ಎತ್ತು, ಹೊಲ, ಮನೆಗಳೂ ಆ ಸಾಲಕ್ಕೆ ಹೊಣೆ. ಹೀಗಿರುವಲ್ಲಿ, ಯಾರಿಗೆ ಎಷ್ಟು ಸಾಲ, ಬೀಜಕ್ಕೋ ಮದುವೆಗೋ ಎಂಬ ವಿಚಾರವು ಸಭೆಗೆ ಬಂದಾಗ ಸುಮ್ಮನೆ ಕೈಯೆತ್ತಿ ಏಳುವುದು ತನ್ನ ಮನೆಯ ಬಾಗಿಲನ್ನು ತಾನೇ ತೆರೆದಿಟ್ಟು ಮಲಗಿದಂತೆ. ಬಾಯಿಬಿಡದ ಸದಸ್ಯನೂ ಸಾಲದ ಪಾಲುದಾರನೇ. 1912ರ ಕಾನೂನು ಇಂಥ ಸಂಘಗಳಲ್ಲಿ ಒಬ್ಬನಿಗೆ ಒಂದೇ ಮತವೆಂದು ವಿಧಿಸಿ, ವರ್ಷಕ್ಕೊಮ್ಮೆಯಾದರೂ ಲೆಕ್ಕತಪಾಸಣೆಯಾಗತಕ್ಕದ್ದೆಂದು ನಿಯಮಿಸಿತು. ಸಾವುಕಾರನ ಖಾತೆಯಲ್ಲಿ ಏನು ಬರೆದಿದೆಯೆಂದು ಕೇಳಲು ಅಂಜುತ್ತಿದ್ದ ರೈತನು, ತನ್ನ ಸಂಘದ ಖಾತೆಯನ್ನು ಓದಿಸಿ ಕೇಳುವ ಹಕ್ಕುದಾರನಾದನು.

ಇಂದಿನ ಶಾಸನಗಳೂ ಇದೇ ಜಾಡಿನಲ್ಲಿ ನಡೆದಿರುವುವು. 2013ರ ಕಂಪನಿಗಳ ಕಾಯಿದೆಯು ಸಾಮಾನ್ಯವಾಗಿ ನಿರ್ದೇಶಕ ಮಂಡಳಿಯ ಸಭೆಗಳು ವರ್ಷಕ್ಕೆ ನಾಲ್ಕಕ್ಕೆ ಕಡಿಮೆಯಾಗಬಾರದು, ಎರಡು ಸಭೆಗಳ ನಡುವೆ 120 ದಿವಸಗಳು ಮೀರಬಾರದು, ಏಳು ದಿವಸಗಳ ಮುಂಚಿತವಾಗಿ ತಿಳಿವಳಿಕೆಪತ್ರವು ಹೋಗಬೇಕು, ಮೂರನೆಯ ಒಂದು ಪಾಲು ಅಥವಾ ಇಬ್ಬರು, ಇವುಗಳಲ್ಲಿ ಹೆಚ್ಚಿನ ಸಂಖ್ಯೆಯು ಕೋರಂ ಆಗಬೇಕು, 30 ದಿವಸಗಳೊಳಗೆ ನಡಾವಳಿಯು ಬರಹದಲ್ಲಿ ಸಿದ್ಧವಾಗಬೇಕು ಎಂದು ಗೊತ್ತುಪಡಿಸಿದೆ. ಓಲೆಯ ಬದಲು ಕಾಗದವೂ, ಕಾಗದದ ಬದಲು ಗಣಕಯಂತ್ರವೂ ಬಂದುವು. ಬೇಡಿಕೆ ಮಾತ್ರ ಒಂದೇ: ಮುಂಚಿತವಾಗಿ ತಿಳಿಸು, ಎಲ್ಲರ ಮುಂದೆ ತೆರೆದು ತೋರಿಸು, ಬರೆದಿಡು, ಲೆಕ್ಕವೊಪ್ಪಿಸು.

ಈ ಚರಿತ್ರೆಯಿಂದ ತಿಳಿಯುವುದೇನೆಂದರೆ, ಸಭೆಯ ನಿಯಮಗಳು ಆಡಂಬರಕ್ಕಾಗಿ ಹುಟ್ಟಿದುವಲ್ಲ; ಅವಿಶ್ವಾಸದ ಮುಳ್ಳನ್ನು ಕೀಳುವುದಕ್ಕಾಗಿ ಹುಟ್ಟಿದುವು. ಆದಕಾರಣ ಸಂಘಸಂಸ್ಥೆಗಳನ್ನು ನಡೆಸುವವರು ಸಭೆ ಕರೆಯುವ ಮುನ್ನ ಇದು ಯಾವ ತೀರ್ಮಾನಕ್ಕಾಗಿ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ವಿಷಯಗಳ ಪಟ್ಟಿಯನ್ನೂ ಲೆಕ್ಕದ ಪ್ರತಿಯನ್ನೂ ಮೊದಲೇ ಕಳುಹಿಸಲಿ. ಗೊತ್ತುಮಾಡಿದ ವೇಳೆಗೆ ಆರಂಭಿಸಿ, ಹಿಂದಿನ ಠರಾವುಗಳು ಏನಾದುವೆಂಬುದನ್ನು ಮೊದಲು ಓದಲಿ. ಒಮ್ಮೆಯೂ ಮಾತನಾಡದವನಿಗೆ ಅವಕಾಶ ಕೊಟ್ಟ ಬಳಿಕವೇ ಎರಡನೆಯ ಸಲ ಮಾತನಾಡುವವನಿಗೆ ಕೊಡಲಿ. ಠರಾವನ್ನು ಬರೆದು, ಓದಿ ಹೇಳಿ, ಅನಂತರ ಮತ ಕೇಳಲಿ. ಆ ಕಾರ್ಯವನ್ನು ಯಾರು, ಎಂದಿನೊಳಗೆ ಮಾಡತಕ್ಕವರೆಂಬುದನ್ನೂ ಅಲ್ಲಿಯೇ ನಮೂದಿಸಲಿ. ಸದಸ್ಯರಾದರೂ ಸಂಕೋಚದಿಂದ ಸುಮ್ಮನಿದ್ದು, ಹೊರಗೆ ಕಟ್ಟೆಯ ಮೇಲೆ ಕುಳಿತು ದೂರುವುದನ್ನು ಬಿಡಲಿ. ಸಾವಿರ ವರ್ಷಗಳ ಹಿಂದೆ ಮಧ್ಯಸ್ಥನು ಬೆರಳುಗಳನ್ನು ಬಿಚ್ಚಿ ಓಲೆಯನ್ನು ಪಡೆದುದು, ತನ್ನ ಕೈಯಲ್ಲಿ ಮತ್ತೊಂದು ಅಡಗಿಲ್ಲವೆಂದು ಎಲ್ಲರೂ ಕಾಣಲೆಂದು. ಸಾರ್ವಜನಿಕರ ಹಣವನ್ನು ಹಿಡಿದ ಕೈಗಳೆಲ್ಲ ಅಂತೆಯೇ ಬಿಚ್ಚಿಕೊಂಡಿರುವುದು ಶ್ರೇಯಸ್ಕರವು.