ಗೆಟೌಟಿನ ಪೂರ್ವೋತ್ತರ

ನನ್ನ ಅಮ್ಮ ಓದಿದ್ದು ನಾಲ್ಕನೆಯ ಇಯತ್ತೆ. ಆದರೂ ಅವಳಿಗೆ ಮೂರು ಇಂಗ್ಲಿಷ್ ಮಾತುಗಳು ಬರುತ್ತಿದ್ದವು: ಸಿಡೌನ್, ಸ್ಟ್ಯಾಂಡಪ್, ಗೆಟೌಟ್. ಮೊದಲೆರಡನ್ನು ನಾವು ಮಕ್ಕಳು ಜಗಲಿಯ ಮೇಲೆ ಶಾಲೆಯಾಟ ಆಡುವಾಗ ಕೇಳಿ ಕಲಿತಿದ್ದಳು. ಮೂರನೆಯದನ್ನು ಹಾಲಿನ ಪಾತ್ರೆಗೆ ಹೊಂಚು ಹಾಕುವ ಬೆಕ್ಕಿನ ಮೇಲೆ ಪ್ರಯೋಗಿಸುತ್ತಿದ್ದಳು. ಬೆಕ್ಕಿಗೆ ಅದು ಅರ್ಥವಾಗುತ್ತಿತ್ತು ಕೂಡ. (ಕನ್ನಡ ಬಿಟ್ಟು ಬೇರೆ ಮಾತಾಡದ ಮನೆಗಳಲ್ಲೂ ನಾಯಿಯ ಜೊತೆಗೆ ಮಾತ್ರ ಇಂಗ್ಲಿಷ್ ಯಾಕೋ, ನಾ ಕಾಣೆ.)

ನೀವೂ ಕನ್ನಡ ಶಾಲೆಯಲ್ಲಿ ಓದಿದವರಾದರೆ ನೆನಪು ಮಾಡಿಕೊಳ್ಳಿ. ನಮ್ಮ ಕಾಲದಲ್ಲಿ ಐದನೆಯ ತರಗತಿಗೆ ಎ, ಬಿ, ಸಿ, ಡಿ ಬರುವ ಮೊದಲೇ ಈ ಮಾತುಗಳು ಬಂದುಬಿಟ್ಟಿರುತ್ತಿದ್ದವು. ಏಳು, ಕೂರು, ಒಳಗೆ ಬಾ, ಹೊರಗೆ ಹೋಗು. ಎಲ್ಲವೂ ಚಲನೆಯ ಮಾತುಗಳೇ, ಎಲ್ಲವೂ ಅಪ್ಪಣೆಗಳೇ. ಗೆಟೌಟ್ ಎನ್ನುವುದು ಒಂದಲ್ಲ, ಎರಡು ಶಬ್ದ ಎಂದು ನನಗೆ ಗೊತ್ತಾದದ್ದೇ ಹೈಸ್ಕೂಲಿನಲ್ಲಿ. ನಾನೇ ಇಂಗ್ಲಿಷ್ ಕಲಿಸುವ ಅಕ್ಕೋರಾದ ಮೇಲೂ ಅದರ ಜಾತಕ ಕೇಳುವ ಮನಸ್ಸಾಗಿರಲಿಲ್ಲ. ಕೇಳುವಂತೆ ಮಾಡಿದ್ದು ಒಬ್ಬ ಹುಡುಗಿ. ಅವಳ ವಿಷಯ ಆಮೇಲೆ ಹೇಳುತ್ತೇನೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ದಿಕ್ಕು ಹೇಳುವ ಶಬ್ದ ಕ್ರಿಯಾಪದದ ಮುಂದೆ ಅಂಟಿಕೊಂಡಿರುತ್ತಿತ್ತು. ಹೊರಗೆ ಹೋಗುವುದಕ್ಕೆ ಆಗಿನವರು 'ಊಟ್‌ಗಾನ್' ಎನ್ನುತ್ತಿದ್ದರು. ಊಟವೂ ಅಲ್ಲ, ಗಾನವೂ ಅಲ್ಲ. ಊಟ್ ಎಂದರೆ ಹೊರಗೆ, ಗಾನ್ ಎಂದರೆ ಹೋಗು. ನಮ್ಮ 'ಹೊರಹೋಗು' ಇದ್ದ ಹಾಗೆಯೇ. ಬರಬರುತ್ತಾ ಈ ಊಟ್ ಮುಂದಿನಿಂದ ಕಳಚಿಕೊಂಡು ಹಿಂದಕ್ಕೆ ಬಂತು, ಗೋ ಔಟ್ ಆಯಿತು. ಇನ್ನು 'ಗೆಟ್' ಅವರದೇ ಅಲ್ಲ. ಎಂಟನೆಯ ಶತಮಾನದ ಕೊನೆಯಿಂದ ಹಡಗಿನಲ್ಲಿ ಬಂದು ದೋಚಿ, ಆಮೇಲೆ ಅಲ್ಲೇ ಹೊಲ ಮಾಡಿಕೊಂಡು ನಿಂತ ವೈಕಿಂಗರು ತಂದದ್ದು. 'ಟೇಕ್' ಕೂಡ ಅವರದೇ. ನೆರೆಮನೆಯಿಂದ ತಂದ ಒರಳು ಕೊನೆಗೆ ನಮ್ಮದೇ ಆಗುತ್ತದಲ್ಲ, ಹಾಗೆ.

1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಅರಮನೆಗೆ, ನ್ಯಾಯಸ್ಥಾನಕ್ಕೆ ಫ್ರೆಂಚ್ ಬಂತು. ಎಂಟರ್, ಡಿಸೆಂಡ್, ರಿಟರ್ನ್ ಎಂಬ ಗಂಭೀರ ಪದಗಳೆಲ್ಲ ಆ ದಾರಿಯವು. ದಿಕ್ಕು ಅವುಗಳ ಹೊಟ್ಟೆಯೊಳಗೇ ಇದೆ, ಬಾಲ ಬೇಕಿಲ್ಲ. ಆದರೆ ಹಟ್ಟಿಯಲ್ಲಿ, ಅಡಿಗೆಮನೆಯಲ್ಲಿ ಜನ ಗೋ ಇನ್, ಗೋ ಡೌನ್, ಕಮ್ ಬ್ಯಾಕ್ ಎನ್ನುವುದನ್ನು ಬಿಡಲಿಲ್ಲ. ನಮ್ಮಲ್ಲಿ ಪತ್ರದಲ್ಲಿ 'ಆಗಮಿಸಿ' ಎಂದು ಬರೆದು ಬಾಗಿಲಲ್ಲಿ 'ಬನ್ನಿ' ಎನ್ನುವುದಿಲ್ಲವೇ?

ನನಗೆ ಬಹಳ ರುಚಿಸಿದ ಸಂಗತಿ ಈಗ ಬರುತ್ತದೆ. ಆ ಕಾಲದವರು ಬರೀ ಸಿಟ್ ಡೌನ್, ಗೆಟ್ ಔಟ್ ಎನ್ನುತ್ತಿರಲಿಲ್ಲ. ನಡುವೆ ಒಂದು ಸರ್ವನಾಮ ಕೂರುತ್ತಿತ್ತು. ಸಿಟ್ ದೀ ಡೌನ್. ಗೆಟ್ ದೀ ಔಟ್. ದೀ ಎಂದರೆ ನಿನ್ನನ್ನು, ನಿನಗೆ. ನಿನ್ನನ್ನು ನೀನೇ ಹೊರಗೆ ಒಯ್ದುಕೋ ಎಂದ ಹಾಗೆ. ಗೆಟ್ ಎಂದರೆ ಪಡೆಯುವುದು ತಾನೆ, ಹೊರಗೆ ಹೋಗುವುದಕ್ಕೆ ಅದು ಹೇಗೆ ಬಂತು ಎಂದು ಮಕ್ಕಳು ಕೇಳಿದಾಗ ನಾನು ಗದರಿಸಿ ಕೂರಿಸಿದ್ದುಂಟು. ಉತ್ತರ ಈ ಕಾಣೆಯಾದ ದೀಯಲ್ಲಿತ್ತು.

1611ರ ಇಂಗ್ಲಿಷ್ ಬೈಬಲಿನಲ್ಲಿ ದೇವರು ಅಬ್ರಹಾಮನಿಗೆ ಹುಟ್ಟಿದ ನಾಡು ಬಿಟ್ಟು ಹೊರಡು ಎಂದು ಹೇಳುವಲ್ಲಿ ಗೆಟ್, ದೀ, ಔಟ್ ಮೂರೂ ಒಟ್ಟಿಗೇ ಇವೆ. ಅಲ್ಲಿ ಅದು ಬೈಗುಳವಲ್ಲ. ಮುಂದೆ ಬೇರೊಂದು ನಾಡು ಕೊಡುತ್ತೇನೆಂಬ ಭಾಷೆಯಿದೆ. ಹಾಗೆಂದು ದೀ ಇದ್ದಲ್ಲೆಲ್ಲ ಅಕ್ಕರೆ ಇತ್ತೆಂದೂ ಅಲ್ಲ. ಅದೇ ಕಾಲದ ಶೇಕ್ಸ್‌ಪಿಯರನ ನಾಟಕದಲ್ಲಿ ಹ್ಯಾಮ್ಲೆಟ್ ಪಾಪದ ಒಫೀಲಿಯಾಳನ್ನು ಕನ್ಯಾಮಠಕ್ಕೆ ತೊಲಗು ಎನ್ನುವುದೂ ಗೆಟ್ ದೀ ಎಂದೇ.

ದೀ ಮತ್ತು ಅದರ ಅಣ್ಣ ದೌ ನಮ್ಮ ಏಕವಚನ. 1603ರಲ್ಲಿ ಸರ್ ವಾಲ್ಟರ್ ರಾಲಿಯ ವಿಚಾರಣೆಯಲ್ಲಿ ಸರಕಾರದ ವಕೀಲ ಕೋಕ್ ಬೇಕೆಂದೇ ಅವನನ್ನು ಏಕವಚನದಲ್ಲಿ ಕರೆದು ಹೀಯಾಳಿಸಿದ. ಆ ಶತಮಾನ ಕಳೆಯುವಷ್ಟರಲ್ಲಿ ಪೇಟೆಯವರ ಬಾಯಿಂದ ಏಕವಚನ ಹೆಚ್ಚುಕಡಿಮೆ ಹೋಯಿತು. ಹೋಗುವಾಗ ಗೆಟ್‌ಗೂ ಔಟ್‌ಗೂ ನಡುವಿನ ಜಾಗ ಖಾಲಿ ಮಾಡಿತು. ಯಾರ್ಕ್‌ಷೈರಿನ ಹಳ್ಳಿಮಾತಿನಲ್ಲಿ ಮಾತ್ರ ಸಿಟ್ ದೀ ಡೌನ್ ಉಳಿದುಕೊಂಡಿತು. ಬೇರೆಯವರನ್ನು ಕಳಿಸುವಾಗ ಆ ಜಾಗ ಇಂದಿಗೂ ಸರ್ವನಾಮದ್ದೇ. ಸೆಂಡ್ ಹರ್ ಔಟ್ ಎನ್ನಬೇಕು, ಸೆಂಡ್ ಔಟ್ ಹರ್ ಎಂದರೆ ತಪ್ಪು. ನಕ್ಕು ನಕ್ಕು ಒಬ್ಬನನ್ನು ಸಭೆಯಿಂದ ಎಬ್ಬಿಸಿ ಕಳಿಸಿದರು ಎನ್ನಲು ನಮಗೆ ಇಷ್ಟುದ್ದ ಬೇಕು. ಅವರಿಗೆ ಲಾಫ್, ನಡುವೆ ಹಿಮ್, ಕೊನೆಗೆ ಔಟ್, ಅಷ್ಟೇ ಸಾಕು.

1755ರಲ್ಲಿ ನಿಘಂಟು ಮಾಡಿದ ಜಾನ್ಸನ್ ಇವು ಪರದೇಶದವರನ್ನು ಬಹಳ ಕಾಡುತ್ತವೆ ಎಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದ. 1930ರಲ್ಲಿ ಆಗ್ಡನ್ ಎಂಬವರು ಇದನ್ನೇ ತಿರುಗಿಸಿ, ಪರದೇಶದವರಿಗೆಂದೇ 850 ಪದಗಳ ಸರಳ ಇಂಗ್ಲಿಷ್ ಕಟ್ಟಿದರು. ಅದರಲ್ಲಿ ಕ್ರಿಯಾಪದ 18 ಮಾತ್ರ. ಗೋ, ಕಮ್, ಗೆಟ್, ಪುಟ್‌ಗಳಿಗೆ ಇನ್, ಔಟ್, ಅಪ್ ಹಚ್ಚಿಕೊಂಡರೆ ಸಂಸಾರ ಸಾಗುತ್ತದೆಂದು ಅವರ ಲೆಕ್ಕ. ಪದ ಕಡಿಮೆಯಾಯಿತು, ನಿಜ. ಕಷ್ಟ ಕಡಿಮೆಯಾಯಿತೆಂದು ನನ್ನ ತರಗತಿಯ ಅನುಭವದಿಂದ ನಾನು ಹೇಳಲಾರೆ.

ಇಷ್ಟೆಲ್ಲ ಓದುವಾಗ ನನಗೆ ಹೊಳೆದದ್ದು ನಮ್ಮ 'ಕೋ'. ಕೂತುಕೋ, ನಿಂತುಕೋ, ಮಲಗಿಕೋ. ಅಡಿಗೆ ಮಾಡಿಕೊಡು ಎಂದರೆ ಇನ್ನೊಬ್ಬರಿಗೆ, ಮಾಡಿಕೋ ಎಂದರೆ ನೀನು ಉಣ್ಣಲಿಕ್ಕೆ. ಅವರು ಕಳೆದುಕೊಂಡ ದೀ ನಮ್ಮ ಕೋದಲ್ಲಿ ಬೆಚ್ಚಗೆ ಕೂತಿದೆ. ಹೋಗು ಎನ್ನುವುದಕ್ಕೆ ಮಾತ್ರ ಈ ಕೋ ಹತ್ತುವುದಿಲ್ಲ. ಅದಕ್ಕೆ ನಾವು ಬೇರೆ ಉಪಾಯ ಮಾಡಿಕೊಂಡಿದ್ದೇವೆ: ಹೋಗಿ ಬಾ.

1984ರ ಮಳೆಗಾಲ. ಶಿರಸಿ ಕಡೆಯ ಒಂದು ಹೈಸ್ಕೂಲು. ಆ ದಿನ ಇನ್‌ಸ್ಪೆಕ್ಷನ್. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು, ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಎರಡನೆಯ ಗಂಟೆ ಹೊಡೆದು ಎಷ್ಟೋ ಹೊತ್ತಾದ ಮೇಲೆ ಬಾಗಿಲಲ್ಲಿ ಆ ಹುಡುಗಿ, ನೀರಿಳಿಯುವ ಕೊಡೆ ಹಿಡಿದುಕೊಂಡು. "ಮೇ ಐ ಕಮಿನ್ ಅಕ್ಕೋರೇ" ಎಂದಳು. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರೆಂದು ನನಗೆ ಅನಿಸಿತು. ನಾನು "ಗೆಟೌಟ್" ಎಂದೆ.

ಜಗಲಿಯಲ್ಲಿ ನಿಂತಿರುತ್ತಾಳೆ, ಸಾಹೇಬರು ಹೋದ ಮೇಲೆ ಕರೆದರಾಯಿತು ಎಂದುಕೊಂಡಿದ್ದೆ. ನೋಡಿದರೆ ಇರಲಿಲ್ಲ. ಮರುದಿನವೂ ಬರಲಿಲ್ಲ. ಎಂಟು ದಿನ ಕಾದು, ಒಂದು ಆದಿತ್ಯವಾರ ಅಡಿಕೆ ತೋಟ ದಾಟಿ ಅವಳ ಮನೆಗೆ ಹೋದೆ. ಹುಡುಗಿಯನ್ನು ಅಕ್ಕನ ಬಾಣಂತನಕ್ಕೆಂದು ಘಟ್ಟದ ಕೆಳಗೆ ಕಳಿಸಿ ಆಗಿತ್ತು. ಶಾಲೆ ಬಿಡಿಸಲು ಅಪ್ಪ ಮೊದಲಿಂದಲೂ ಒಂದು ನೆಪ ಹುಡುಕುತ್ತಿದ್ದನಂತೆ. ಸಿಕ್ಕಿತು. ಅವಳ ತಾಯಿ ಬೆಲ್ಲ, ನೀರು ತಂದಿಟ್ಟು ನನ್ನೆದುರು ಕೂತಳು.

"ಗೆಟೌಟ್ ಅಂದಿರಂತೆ. ನಮಗೆ ಗೊತ್ತಾಗುವುದಿಲ್ಲ, ಅಕ್ಕೋರೇ. ಹಾಗಂದರೆ ಕೋಣೆ ಬಿಟ್ಟು ಹೋಗು ಅಂತಲೋ, ಶಾಲೆ ಬಿಟ್ಟು ಹೋಗು ಅಂತಲೋ?"

"ಕೋಣೆ ಬಿಟ್ಟು" ಎಂದೆ.

"ಹೌದಾ" ಎಂದಳು. "ಅವಳಿಗೂ ಗೊತ್ತಾಗಲಿಲ್ಲ."

ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳು ಅಂಗಳದ ತುದಿಯವರೆಗೆ ಬಂದಳು. ಹೋಗಿ ಬನ್ನಿ, ಎಂದಳು.